ಚಾವಯ್ಯ ಮಾಡಿಸಿದ ಪಾದ

ಕೊಪ್ಪಳದ ಪಾಲ್ಕಿಗುಂಡು ಬೆಟ್ಟದ ಮೇಲೆ ಎರಡು ಬರಹಗಳು ನೆರೆಹೊರೆಯಲ್ಲಿವೆ. ಒಂದು, 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ಇನ್ನೊಂದು, ಬಂಡೆಯಲ್ಲಿ ಕೊರೆದ ಒಂದು ಜೊತೆ ಪಾದ ಮತ್ತು ಅದರ ಜೊತೆಗಿರುವ ಹಳಗನ್ನಡದ ಎರಡು ಸಾಲು. ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಎಂಬಾತ ಮಾಡಿಸಿದ ಎಂಬಷ್ಟೇ ಅದರ ವಿಷಯ. ಊರಿಗೆ ಬಂದವರಿಗೆ ನಾವು ತೋರಿಸುವುದು ಮೊದಲನೆಯದನ್ನು. ನನ್ನನ್ನು ಕಾಡಿದ್ದು ಎರಡನೆಯದು.

ಜಟಾಸಿಂಹನಂದಿ ‘ವರಾಂಗಚರಿತ’ ಎಂಬ ಸಂಸ್ಕೃತ ಕಾವ್ಯದ ಕವಿ. ಏಳನೆಯ ಶತಮಾನದವರೆಂದು ವಿದ್ವಾಂಸರ ಅಂದಾಜು. ಪಾದದ ಜೊತೆಗಿನ ಅಕ್ಷರಗಳಾದರೋ ಹತ್ತನೆಯ ಶತಮಾನದ ಆಸುಪಾಸಿನವು. ಆ ಕಾವ್ಯವನ್ನು ಸಂಪಾದಿಸಿದ ಆ. ನೇ. ಉಪಾಧ್ಯೆಯವರು, ಕವಿ ಈ ಬೆಟ್ಟದ ಮೇಲೆಯೇ ಸಮಾಧಿಮರಣ ಹೊಂದಿರಬೇಕೆಂದು ಊಹಿಸಿದರು. ಹಾಗಿದ್ದರೆ ಚಾವಯ್ಯ ಆ ಮುನಿಯನ್ನು ಕಂಡವನಲ್ಲ. ಎಷ್ಟೋ ತಲೆಮಾರು ಕಳೆದ ಮೇಲೂ ‘ಇಲ್ಲಿಂದ ಅವರು ಹೋದರು’ ಎಂದು ಊರು ನೆನಪಿಟ್ಟಿತ್ತು, ಅದನ್ನು ಆತ ಕಲ್ಲಿಗಿಳಿಸಿದ. ಮುಖವನ್ನು ಕೊರೆಸಲಿಲ್ಲ, ಪಾದವನ್ನು ಕೊರೆಸಿದ. ಹೋದವರಿಗೆ ಬೇಕಾದದ್ದು ಅದೇ ಅಲ್ಲವೆ?

ಕೊಪಣ ಜೈನರ ಮಹಾತೀರ್ಥವಾಗಿತ್ತು. ಅಲ್ಲಿಗೆ ಬಂದವರಲ್ಲಿ ಹಲವರು ಬದುಕಲು ಬಂದವರಲ್ಲ, ಬದುಕನ್ನು ಮುಗಿಸಲು ಬಂದವರು. ಸಿ. ಆರ್. ಕೃಷ್ಣಮಾಚಾರ್ಲು 1935ರಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯಲ್ಲಿ ಇಲ್ಲಿನ ಕನ್ನಡ ಶಾಸನಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಶಕ 803ರ, ಅಂದರೆ ಕ್ರಿ.ಶ. 881ರ ಒಂದು ಬರಹವಿದೆ. ಸರ್ವನಂದಿ ಭಟಾರರು ಈ ಊರಿಗೆ ಬಂದು ನೆಲೆಸಿ, ಊರವರಿಗೆ ಶಾಸ್ತ್ರ ಹೇಳಿ, ಬಹುಕಾಲ ತಪಸ್ಸು ಮಾಡಿ, ಸನ್ಯಸನದಿಂದ ದೇಹ ಬಿಟ್ಟರು. ಇನ್ನೊಂದು ಶಾಸನ ಸಿಂಹನಂದಿ ಆಚಾರ್ಯರದು. ಅವರು ಒಂದು ತಿಂಗಳು ‘ಇಂಗಿಣಿ’ ಕ್ರಮವನ್ನು ನಡೆಸಿ ತೀರಿಕೊಂಡರು. ಇಂಗಿಣಿಯೆಂದರೆ ಅನ್ನ ಬಿಟ್ಟವನು ಮತ್ತೊಬ್ಬರ ಕೈಯಿಂದ ಸೇವೆಯನ್ನೂ ಮಾಡಿಸಿಕೊಳ್ಳಬಾರದು. ಏಳುವುದು, ಹೊರಳುವುದು, ಎಲ್ಲವೂ ತನ್ನದೇ ಬಲದಿಂದ ಆಗಬೇಕು. ಮೂವತ್ತು ದಿನ! ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳನ್ನು ಪಠ್ಯವಾಗಿ ಓದುವಾಗ ಉತ್ಪ್ರೇಕ್ಷೆ ಎನಿಸುತ್ತಿದ್ದ ಸಹನೆ, ಕೊಪ್ಪಳದ ಬಿಸಿಲಿನ ಬಂಡೆಯ ಮೇಲೆ ನಿಂತಾಗ ಹಾಗೆನಿಸುವುದಿಲ್ಲ.

ಇಂಥ ಸಾವುಗಳನ್ನು ಹೇಳುವಾಗ ನಮ್ಮ ಹಳೆಯ ಶಾಸನಗಳು ‘ಮುಡಿಪಿದರ್’ ಎನ್ನುತ್ತವೆ. ಇಂದು ಮನೆಗಳಲ್ಲಿ ಹರಕೆಯ ದುಡ್ಡನ್ನು ಬಟ್ಟೆಯಲ್ಲಿ ಕಟ್ಟಿ ದೇವರಿಗೆಂದು ಎತ್ತಿಡುವುದೂ ಮುಡಿಪೇ. ಕಿವಿಗೆ ಒಂದರ ನೆನಪಿನಲ್ಲಿ ಇನ್ನೊಂದು ಬಂದೇ ಬರುತ್ತದೆ. ಕಾನೂನಿನ ಕಿವಿ ಬೇರೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಸಲ್ಲೇಖನವನ್ನು ಆತ್ಮಹತ್ಯೆಯೆಂದೇ ಪರಿಗಣಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಈ ವಾದದಲ್ಲಿ ನನಗೆ ಸುಲಭದ ಪಕ್ಷವಿಲ್ಲ. ಆದರೆ ಸರ್ವನಂದಿಯವರ ಶಾಸನದಲ್ಲಿ ಹತಾಶೆಯ ಒಂದು ಪದವೂ ಇಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಆ ಭರವಸೆ ಎಂಥದು? ಕ್ರೈಸ್ತರ ನಂಬಿಕೆಯ ಪಕ್ಕದಲ್ಲಿ ಇಟ್ಟಾಗ ಅದು ನನಗೆ ಹೆಚ್ಚು ಸ್ಪಷ್ಟವಾಯಿತು. ಇಲ್ಲಿಂದ ದೂರವಲ್ಲದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಬೈಬಲ್ಲನ್ನು ಕನ್ನಡಕ್ಕೆ ತಂದವರಲ್ಲಿ ಮೊದಲಿಗರು. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪುನರುತ್ಥಾನಕ್ಕೆ ಬಿತ್ತನೆಯ ಹೋಲಿಕೆಯಿದೆ: ಮಣ್ಣಿಗೆ ಬಿದ್ದದ್ದು ಒಂದು ಕಾಳು, ಮೇಲೆದ್ದು ಬರುವುದು ಬೇರೆಯದೇ ಒಂದು ರೂಪ. ಕುಷ್ಟಗಿ, ಯಲಬುರ್ಗಾ ಕಡೆ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ನಂಬಿಕೆಯಲ್ಲಿ ದೇಹ ಬೀಜ. ಅದನ್ನು ಮಣ್ಣಿಗೆ ಕೊಡುವುದೇ ಮತ್ತೆ ಏಳಲೆಂದು. ಕೊಪಣದ ಮುನಿಗಾದರೋ ಮತ್ತೆ ಮೊಳೆಯುವುದೇ ಬೇಡ. ಬೀಜವನ್ನು ಹುರಿದುಬಿಡುವುದೇ ತಪಸ್ಸು. ಇಬ್ಬರೂ ಸಾವಿಗೆ ಹೆದರಲಿಲ್ಲ ನಿಜ. ಹಾಗೆಂದು ಎರಡೂ ಒಂದೇ ಎಂದು ಸಮನ್ವಯದ ಭಾಷಣ ಮಾಡಿದರೆ ಇಬ್ಬರಿಗೂ ಅನ್ಯಾಯ.

ಅವರು ಕೂಡುವುದು ಬೇರೆ ಕಡೆ, ಉಳಿದವರಲ್ಲಿ. ಸುವಾರ್ತೆಗಳಲ್ಲಿ ಪುನರುತ್ಥಾನದ ಕಥೆ ಶುರುವಾಗುವುದು ಬೆಳಗಿನ ಜಾವ ಸಮಾಧಿಯ ಬಳಿ ಹೋದ ಹೆಂಗಸರಿಂದ. ಸುಗಂಧದ್ರವ್ಯ ಹಿಡಿದು ಹೊರಟವರಿಗೆ ಪವಾಡದ ನಿರೀಕ್ಷೆಯಿರಲಿಲ್ಲ. ಸತ್ತವನಿಗೆ ಇನ್ನೂ ಮಾಡಬೇಕಾದದ್ದೊಂದು ಬಾಕಿಯಿದೆ ಎಂಬ ಭಾವ ಅವರದು. ಚಾವಯ್ಯನದೂ ಅದೇ ಎಂದು ನನಗನಿಸುತ್ತದೆ. ಆತನ ಪಕ್ಕದ ಅಶೋಕನ ಶಾಸನವೂ ಒಂದು ಭರವಸೆ ಕೊಡುತ್ತದೆ: ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಮಹಾಸ್ವರ್ಗ ಸಿಗುತ್ತದೆ ಎಂದು. ಅದು ಚಕ್ರವರ್ತಿ ಮೇಲಿನಿಂದ ಕೊಟ್ಟ ಮಾತು. ಪಾದ ಮಾತ್ರ ಒಬ್ಬ ಊರಿನವನು ಕೊಟ್ಟದ್ದು.

ಅಶೋಕನ ಬರಹ ಬಂಡೆಗೆ ಬೀಳುವ ಮೊದಲೇ ಈ ನೆಲದಲ್ಲಿ ಉಳಿದವರ ಈ ಕೆಲಸ ನಡೆದಿತ್ತು. ಗಂಗಾವತಿಯ ಹತ್ತಿರದ ಹಿರೇಬೆಣಕಲ್ ಬೆಟ್ಟದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಕ್ರಿ.ಪೂ. 800ರಿಂದ 200ರ ನಡುವಿನವು ಎಂದು ಗುರುತಿಸಿದ್ದಾರೆ. ಬಂಡೆಯಿಂದ ಚಪ್ಪಡಿ ಎಬ್ಬಿಸಿ, ಗೋಡೆಯಾಗಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ಮನುಷ್ಯನಿಗಿಂತ ಎತ್ತರ. ಹತ್ತಿರದಲ್ಲೇ ದೊಡ್ಡ ಬಂಡೆಯ ನೆತ್ತಿಯ ಮೇಲೆ ಕಲ್ಲಿನ ನಗಾರಿಯೊಂದಿದೆ; ಬಡಿದರೆ ದೂರದವರೆಗೆ ಕೇಳುತ್ತದೆ. ನಮ್ಮ ಜನ ಇವನ್ನು ಗೋರಿ ಎನ್ನುವುದಿಲ್ಲ, ‘ಮೋರೇರ ಮನೆ’ ಎನ್ನುತ್ತಾರೆ, ಗಿಡ್ಡ ಜನ ಇಲ್ಲಿ ವಾಸವಿದ್ದರೆಂದು ಕಥೆ ಹೇಳುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಈ ಮನೆಗಳಲ್ಲಿ ಎಷ್ಟೋ ಈಗ ಕುಸಿದಿವೆ, ನಿಧಿಗಳ್ಳರು ಕೆಡವಿದವೂ ಇವೆ. ಗಟ್ಟಿಯಾಗಿ ನಿಂತಿರುವ ಕೆಲವುಗಳ ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯಿದೆ. ಕಬ್ಬಿಣದ ಉಳಿ ಹಿಡಿದು, ಗಟ್ಟಿ ಕಣಶಿಲೆಯಲ್ಲಿ, ಅಂಚು ನುಣುಪಾಗುವಷ್ಟು ಹೊತ್ತು ಕೂತು ಯಾರೋ ಅದನ್ನು ಕೊರೆದಿದ್ದಾರೆ.