ಕಲ್ಲು, ಕಡತ ಮತ್ತು ಅರ್ಜಿ

ಹರಪನಹಳ್ಳಿಯ ಬಳಿ ಬಾಗಳಿಯಲ್ಲಿ ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಾಲಯವಿದೆ. ಶಿಲ್ಪದ ಬೆರಗಿನಲ್ಲಿ ಅಲ್ಲಿಯ ಶಾಸನಗಳನ್ನು ಮರೆತು ಬರುವವರೇ ಹೆಚ್ಚು. ದೇವರಿಗೆ ಭೂಮಿಯನ್ನು ಬಿಟ್ಟವರು ಯಾರು, ಎಷ್ಟು ಬಿಟ್ಟರು, ಅದರ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಬರೆಯಿಸಿ ಹತ್ತು ಜನ ಓಡಾಡುವ ಕಡೆ ನಿಲ್ಲಿಸುವುದು ಆ ಕಾಲದ ಪದ್ಧತಿ. ಓದಬಲ್ಲವರು ಕೆಲವರೇ ಇದ್ದಿರಬೇಕು. ಆದರೆ ಓದಕೂಡದೆಂದು ಕಲ್ಲಿಗೆ ಮುಸುಕು ಹಾಕಿದವರಿಲ್ಲ.

ಕಡತದ ಕಥೆ ಬೇರೆ. ಇಂದು ಕಚೇರಿಯ ಫೈಲಿಗೆ ಸಲ್ಲುವ ಈ ಮಾತು, ಹಿಂದೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಬಳಪದಿಂದ ಬರೆಯುತ್ತಿದ್ದ ಕರಿಯ ಬಟ್ಟೆಯ ಮಡಿಕೆಪುಸ್ತಕಕ್ಕೆ ಹೆಸರಾಗಿದ್ದಿತು. ಅದನ್ನು ಬಿಚ್ಚುವುದೂ ಮಡಿಚುವುದೂ ಲೆಕ್ಕ ಬರೆಯುವವರ ಕೈಯಲ್ಲಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿ ಕಂದಾಯವನ್ನು ಗೊತ್ತುಮಾಡಿದನು. ರೈತನಿಗೆ ಪಟ್ಟಾ ಸಿಕ್ಕಿತು. ಮೂಲಲೆಕ್ಕ ಕಚೇರಿಯಲ್ಲಿಯೇ ಉಳಿಯಿತು. 1923ರ ಸರಕಾರಿ ರಹಸ್ಯಗಳ ಕಾಯಿದೆ ಬಂದ ಮೇಲಂತೂ ಗುಟ್ಟು ಕಾಯುವುದೇ ಅಧಿಕಾರಿಯ ಧರ್ಮವೆನಿಸಿತು.

ಕಡತವನ್ನು ಕೇಳುವ ಹಕ್ಕಿಗೆ ಕರ್ನಾಟಕವು 2000ದಲ್ಲಿಯೇ ತನ್ನದೊಂದು ಶಾಸನವನ್ನು ಮಾಡಿಕೊಂಡಿದ್ದಿತು. ದೇಶಕ್ಕೆಲ್ಲ ಅನ್ವಯಿಸುವ ಮಾಹಿತಿ ಹಕ್ಕು ಅಧಿನಿಯಮ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. 10 ರೂಪಾಯಿ ಶುಲ್ಕ, 30 ದಿನಗಳ ಗಡುವು ಇವು ಈಗ ಎಲ್ಲರಿಗೂ ತಿಳಿದ ಸಂಗತಿಗಳು. ಏಕೆ ಬೇಕೆಂದು ಅರ್ಜಿದಾರನನ್ನು ಕೇಳುವಂತಿಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯವನ್ನು ಕುರಿತು, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಕನ್ನಡ ಮೇಷ್ಟರುಗಳಿಗೆ ಇದು ಕಠಿಣ ಪರೀಕ್ಷೆಯೇ ಸರಿ!

ಆದರೆ ನನ್ನ ಮಟ್ಟಿಗೆ ಈ ಸೀಮೆಯವರಿಗೆ ಮುಖ್ಯವಾದುದು 6ನೆಯ ಪ್ರಕರಣದ 3ನೆಯ ಉಪಪ್ರಕರಣ. ಕೇಳಿದ ಕಾಗದ ಬೇರೊಂದು ಪ್ರಾಧಿಕಾರದಲ್ಲಿದ್ದರೆ, ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ಕಳುಹಿಸಿ ಅರ್ಜಿದಾರನಿಗೆ ತಿಳಿಸುವುದು ಕಚೇರಿಯ ಕರ್ತವ್ಯವೆಂದು ಅದು ಹೇಳುತ್ತದೆ. ಹರಪನಹಳ್ಳಿಯನ್ನೇ ನೋಡಿ. 1953ರ ಅಕ್ಟೋಬರ್ 1ರವರೆಗೆ ಕೂಡ್ಲಿಗಿ, ಹಡಗಲಿಗಳಂತೆ ಅದೂ ಮದರಾಸು ರಾಜ್ಯದ್ದು, ಆಮೇಲೆ ಮೈಸೂರಿನದು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಊರು ಇದ್ದಲ್ಲಿಯೇ ಇದೆ. ಮೇಲಿನ ಕಚೇರಿ ಮಾತ್ರ ಬದಲಾಗುತ್ತ ಬಂದಿದೆ. ಅಜ್ಜನ ಹೊಲದ ಹಳೆಯ ದಾಖಲೆಯನ್ನು ಹುಡುಕಿಕೊಂಡು ಮೊಮ್ಮಗನು ಬುತ್ತಿ ಕಟ್ಟಿಕೊಂಡು ಹೊಸಪೇಟೆ, ಬಳ್ಳಾರಿ, ದಾವಣಗೆರೆಗಳನ್ನು ಸುತ್ತಬೇಕೆ? ಕಾನೂನಿನಂತೆ ಸುತ್ತಬೇಕಾದುದು ಅರ್ಜಿ, ಅವನಲ್ಲ.

ಇಷ್ಟಾದ ಮೇಲೂ "ಕಡತ ಸಿಗುತ್ತಿಲ್ಲ" ಎಂಬ ಉತ್ತರ ಬರಬಹುದು. ಮಾಹಿತಿಯನ್ನು ನಿರಾಕರಿಸಲು ಕಾಯಿದೆಯು ಒಪ್ಪಿದ ಕಾರಣಗಳಲ್ಲಿ ಈ ಮಾತು ಇಲ್ಲ. 2013ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಒಮ್ಮೆ ಇದ್ದ ಕಡತವನ್ನು ಹುಡುಕಲು ಸರಿಯಾದ ಪ್ರಯತ್ನವಾಗಬೇಕು, ಸಿಗದೆ ಹೋದರೆ ಹೊಣೆ ಯಾರದೆಂದು ವಿಚಾರಣೆ ನಡೆಯಬೇಕು ಎಂದಿತು. ಅಂಥ ಉತ್ತರ ಬಂದವರು 30 ದಿನಗಳೊಳಗೆ ಮೊದಲ ಮೇಲ್ಮನವಿಯನ್ನು ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಸಲ್ಲಿಸಬಹುದು. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ಮಾಹಿತಿ ಆಯೋಗವಿದೆ.