ಛಾಯಾಚಿತ್ರದಲ್ಲಿ ಗ್ರಾಮೀಣ ಮಹಿಳೆಯರ ಕಸುಬು: ಡೋರಿಸ್ ಉಲ್ಮನ್ ಚಿತ್ರಗಳ ಮರುಪರಿಶೀಲನೆ

ಜನಪದ ಕರಕುಶಲ ಕಲೆಗಳ ಅಧ್ಯಯನದಲ್ಲಿ ಛಾಯಾಚಿತ್ರವನ್ನು ಪ್ರಾಥಮಿಕ ಆಕರವೆಂದು ಪರಿಗಣಿಸುವುದು ವಾಡಿಕೆ. ಈ ಆಕರವೂ ವಿಮರ್ಶೆಗೆ ಹೊರತಲ್ಲ ಎಂಬುದಕ್ಕೆ ಅಮೆರಿಕದ ಡೋರಿಸ್ ಉಲ್ಮನ್ (1882–1934) ಅವರ ಚಿತ್ರಗಳು ನಿದರ್ಶನವಾಗಿವೆ. ನ್ಯೂಯಾರ್ಕ್ ನಗರದವರಾದ ಉಲ್ಮನ್ ತಮ್ಮ ಕೊನೆಯ ವರ್ಷಗಳಲ್ಲಿ ದಕ್ಷಿಣ ಅಪಲೇಚಿಯನ್ ಬೆಟ್ಟಸೀಮೆಯಲ್ಲಿ ಸಂಚರಿಸಿ, ನೂಲುವ, ನೇಯುವ, ಬುಟ್ಟಿ ಹೆಣೆಯುವ ಮಹಿಳೆಯರನ್ನು ಗಾಜಿನ ಫಲಕಗಳ ಮೇಲೆ ಚಿತ್ರಿಸಿಕೊಂಡರು. ಅವುಗಳಲ್ಲಿ ಆಯ್ದ ಕೆಲವು, ಅವರ ಮರಣಾನಂತರ 1937ರಲ್ಲಿ, ಅಲೆನ್ ಈಟನ್ ಅವರ ಕರಕುಶಲ ಅಧ್ಯಯನ ಗ್ರಂಥದಲ್ಲಿ ಪ್ರಕಟವಾದವು.

ಕೆಲವು ಚಿತ್ರಗಳಲ್ಲಿ ತರುಣಿಯರು ಅಜ್ಜಿಯ ಕಾಲದ ಉಡುಪು ತೊಟ್ಟು ರಾಟೆಯ ಬಳಿ ಕಾಣಿಸಿಕೊಂಡಿರುವುದು ಛಾಯಾಗ್ರಾಹಕಿಯ ಅಪೇಕ್ಷೆಯಂತೆ. ಗಿರಣಿಯ ಬಟ್ಟೆ ಆ ವೇಳೆಗಾಗಲೇ ಬೆಟ್ಟದ ಮನೆಗಳನ್ನು ತಲುಪಿತ್ತು. ಕೈಮಗ್ಗದ ಪುನರುಜ್ಜೀವನಕ್ಕೆ ಅಲ್ಲಿನ ಶಾಲೆಗಳೂ, 1930ರಲ್ಲಿ ಸ್ಥಾಪನೆಗೊಂಡ ಕರಕುಶಲ ಸಂಘವೂ, ಹೊರಗಿನ ಕೊಳ್ಳುಗರೂ ಕಾರಣರಾಗಿದ್ದರು. ಹಳೆಯ ಉಡುಪು ಈ ಆರ್ಥಿಕ ವಾಸ್ತವವನ್ನು ಮರೆಮಾಡಿ, ಹಣಕ್ಕಾಗಿ ದುಡಿಯುತ್ತಿದ್ದ ಮಹಿಳೆಯನ್ನು ಗತಕಾಲದ ಪ್ರತಿಮೆಯಾಗಿಸುತ್ತದೆ.

ಹಾಗೆಂದು ಈ ಚಿತ್ರಗಳನ್ನು ತಳ್ಳಿಹಾಕುವಂತಿಲ್ಲ. ಉಪಕರಣಗಳ ರಚನೆ, ಹೆಣಿಗೆಯ ವಿಧಾನ, ದುಡಿದ ಕೈಗಳ ಗುರುತುಗಳು ಇವುಗಳಲ್ಲಿ ಸ್ಪಷ್ಟವಾಗಿ ಉಳಿದಿವೆ. ಉಡುಪು ಯಾರದು, ಭಂಗಿ ಯಾರ ಅಪೇಕ್ಷೆ, ವಸ್ತು ತಯಾರಾದದ್ದು ಮನೆಬಳಕೆಗೋ ಮಾರಾಟಕ್ಕೋ ಎಂಬ ವಿವರಗಳು ಚಿತ್ರದೊಡನೆ ದಾಖಲಾದಾಗ ಮಾತ್ರ ಅದು ಆ ಮಹಿಳೆಯ ಬದುಕಿಗೆ ಆಕರವಾಗಬಲ್ಲುದು.