ಗ್ಯಾಸ್ ಗೀಸರ್‌ನ ಜ್ವಲನ ದೋಷಗಳು

ಗ್ಯಾಸ್ ಗೀಸರ್‌ನ ಬರ್ನರ್ ಹೊತ್ತಿಕೊಳ್ಳದಿರುವುದು, ತಡವಾಗಿ ಹೊತ್ತಿಕೊಳ್ಳುವುದು ಅಥವಾ ಹೊತ್ತಿದ ಬಳಿಕ ತಾನಾಗಿ ಆರಿಹೋಗುವುದನ್ನು ಜ್ವಲನ ದೋಷವೆಂದು ಕರೆಯಲಾಗುತ್ತದೆ. ನೀರನ್ನು ಸಂಗ್ರಹಿಸಿಡದೆ ಹರಿಯುವಾಗಲೇ ಕಾಯಿಸುವ ಈ ಸಾಧನದಲ್ಲಿ ಜ್ವಲನವು ನಿಶ್ಚಿತ ಕ್ರಮದಲ್ಲಿ ನಡೆಯುತ್ತದೆ. ಕ್ರಮವು ಯಾವ ಹಂತದಲ್ಲಿ ನಿಂತಿದೆ ಎಂಬುದರಿಂದ ದೋಷದ ಸ್ಥಾನವನ್ನು ಊಹಿಸಬಹುದು. ಅನೇಕ ವೇಳೆ ಬರ್ನರ್ ಆರುವುದು ಸುರಕ್ಷತಾ ವ್ಯವಸ್ಥೆಯ ಕಾರ್ಯದಿಂದಲೇ ಆಗಿರುತ್ತದೆ.

ಜ್ವಲನದ ಕ್ರಮ

ನಲ್ಲಿಯನ್ನು ತಿರುಗಿಸಿದಾಗ ಹರಿಯುವ ನೀರಿನ ಒತ್ತಡವು ಡಯಾಫ್ರಮ್ ಎಂಬ ರಬ್ಬರ್ ಪೊರೆಯನ್ನು ಸರಿಸುತ್ತದೆ. ಇದರಿಂದ ಒಂದು ಚಿಕ್ಕ ಸ್ವಿಚ್ ಚಾಲನೆಗೊಳ್ಳುತ್ತದೆ. ಸಾಮಾನ್ಯವಾಗಿ 1.5 ವೋಲ್ಟ್‌ನ ಎರಡು ಬ್ಯಾಟರಿಗಳಿಂದ ಶಕ್ತಿ ಪಡೆಯುವ ನಿಯಂತ್ರಕವು ಕಿಡಿಯನ್ನು ಉಂಟುಮಾಡಿ, ಸೊಲೆನಾಯ್ಡ್ ಕವಾಟವನ್ನು ತೆರೆದು ಅನಿಲವನ್ನು ಬಿಡುತ್ತದೆ. ಜ್ವಾಲೆಯು ವಿದ್ಯುತ್ತನ್ನು ಅಲ್ಪ ಪ್ರಮಾಣದಲ್ಲಿ ಹರಿಯಗೊಡುವುದರಿಂದ ಸಂವೇದಕ ಕಡ್ಡಿಯು ಅದರ ಇರುವಿಕೆಯನ್ನು ಗುರುತಿಸುತ್ತದೆ. ಜ್ವಾಲೆ ಕಾಣದಿದ್ದರೆ ಕವಾಟವು ಮುಚ್ಚಿಕೊಳ್ಳುತ್ತದೆ.

ದೋಷ ಪತ್ತೆ

ಕಿಡಿಯ ಶಬ್ದವೇ ಇಲ್ಲದಿದ್ದಾಗ: ಬ್ಯಾಟರಿ ಕ್ಷೀಣಿಸಿರುವುದು ಅಥವಾ ಅದರ ಸಂಪರ್ಕ ಬಿಂದುಗಳು ತುಕ್ಕು ಹಿಡಿದಿರುವುದು ಸಾಮಾನ್ಯ ಕಾರಣ. ಹೊಸ ಬ್ಯಾಟರಿಯಿಂದಲೂ ಫಲ ಕಾಣದಿದ್ದರೆ ನೀರಿನ ಒತ್ತಡವನ್ನು ಪರಿಶೀಲಿಸಬೇಕು. ಮೇಲ್ತೊಟ್ಟಿಯು ಗೀಸರ್‌ಗಿಂತ ಹೆಚ್ಚು ಎತ್ತರದಲ್ಲಿಲ್ಲದಿದ್ದರೆ, ಒಳಹರಿವಿನ ಜಾಲರಿಯಲ್ಲಿ ಕಸ ತುಂಬಿದ್ದರೆ ಅಥವಾ ಗಡಸು ನೀರಿನ ಸುಣ್ಣದ ಪದರ ಕಟ್ಟಿದ್ದರೆ ಪೊರೆಯು ಸರಿಯುವುದಿಲ್ಲ.

ಕಿಡಿ ಬಂದರೂ ಹೊತ್ತದಿದ್ದಾಗ: ಅನಿಲವು ಬರ್ನರನ್ನು ತಲುಪುತ್ತಿಲ್ಲ ಎಂದು ಶಂಕಿಸಬಹುದು. ಅದೇ ಸಿಲಿಂಡರಿಗೆ ಜೋಡಿಸಿದ ಒಲೆಯು ಸರಿಯಾಗಿ ಉರಿಯುತ್ತಿದ್ದರೆ ದೋಷವು ಗೀಸರ್‌ನ ಕೊಳವೆ ಅಥವಾ ಕವಾಟದಲ್ಲಿರುವ ಸಂಭವವಿದೆ. ಸಿಲಿಂಡರ್ ಬದಲಿಸಿದ ಕೂಡಲೇ ಕೊಳವೆಯಲ್ಲಿನ ಗಾಳಿಯಿಂದಲೂ ವಿಳಂಬವಾಗುತ್ತದೆ. ಚಳಿಯ ಮುಂಜಾನೆಗಳಲ್ಲಿ ಬರಿದಾಗುತ್ತಿರುವ ಸಿಲಿಂಡರಿನ ಒತ್ತಡ ಕುಗ್ಗುವುದೂ ಉಂಟು.

ಹೊತ್ತಿ ಕ್ಷಣಗಳಲ್ಲೇ ಆರಿದಾಗ: ಸಂವೇದಕ ಕಡ್ಡಿಯ ಮೇಲೆ ಮಸಿ ಕೂತಿರಬಹುದು, ಅದು ಜ್ವಾಲೆಯಿಂದ ದೂರ ಸರಿದಿರಬಹುದು ಅಥವಾ ಅದರ ತಂತಿ ಸಡಿಲವಾಗಿರಬಹುದು.

ಕೆಲಕಾಲ ಉರಿದು ಆರಿದಾಗ: ಅತಿತಾಪ ರಕ್ಷಣೆ ಅಥವಾ ಆಮ್ಲಜನಕದ ಕೊರತೆಯನ್ನು ಗುರುತಿಸುವ ವ್ಯವಸ್ಥೆ ಚಾಲನೆಗೊಂಡಿರಬಹುದು. ಕೆಲವು ಮಾದರಿಗಳು ಸುಮಾರು 20 ನಿಮಿಷಗಳ ಬಳಿಕ ತಾವಾಗಿಯೇ ನಿಲ್ಲುತ್ತವೆ. ಇದು ದೋಷವಲ್ಲ.

ಸದ್ದಿನೊಡನೆ ತಡವಾಗಿ ಹೊತ್ತಿಕೊಂಡಾಗ: ದುರ್ಬಲ ಕಿಡಿಯಿಂದಾಗಿ ಅನಿಲವು ಒಳಗೆ ಶೇಖರವಾಗಿ ಒಮ್ಮೆಲೇ ಉರಿದಿರುತ್ತದೆ. ಇಂತಹ ಗೀಸರನ್ನು ದುರಸ್ತಿಯಾಗುವವರೆಗೆ ಬಳಸಬಾರದು.

ಸುರಕ್ಷತೆ

ಜ್ವಾಲೆಯು ನೀಲಿಯ ಬದಲು ಹಳದಿಯಾಗಿದ್ದರೆ ದಹನವು ಅಪೂರ್ಣವಾಗಿದ್ದು, ಇಂಗಾಲದ ಮಾನಾಕ್ಸೈಡ್ ಉತ್ಪತ್ತಿಯಾಗುವ ಅಪಾಯವಿದೆ. ಬಣ್ಣವಾಗಲೀ ವಾಸನೆಯಾಗಲೀ ಇಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಬೆಸೆಯುತ್ತದೆ. ಗಾಳಿಯಾಡದ ಸ್ನಾನಗೃಹದಲ್ಲಿ ತಲೆಸುತ್ತು, ವಾಕರಿಕೆ ಕಾಣಿಸಿಕೊಂಡು, ಸ್ನಾನ ಮಾಡುತ್ತಿರುವವರು ಎಚ್ಚರ ತಪ್ಪಿ ಸಾವನ್ನಪ್ಪಬಹುದು. ಆದುದರಿಂದ ಪದೇಪದೇ ಆರುವ ಗೀಸರ್‌ನ ಸಂವೇದಕವನ್ನು ನಿಷ್ಕ್ರಿಯಗೊಳಿಸಿ ಬಳಸುವುದು ಪ್ರಾಣಾಪಾಯಕಾರಿ.

ಎಲ್‌ಪಿಜಿ ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಅದರ ವಾಸನೆ ಬಂದರೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಯಾವುದೇ ವಿದ್ಯುತ್ ಸ್ವಿಚ್ಚನ್ನು ಮುಟ್ಟದೆ ಹೊರಬರಬೇಕು. ಭಾರತದಲ್ಲಿ ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿಯ ಸಂಖ್ಯೆ 1906. ಬ್ಯಾಟರಿ ಬದಲಾವಣೆ ಮತ್ತು ಜಾಲರಿಯ ಶುಚಿಗೊಳಿಸುವಿಕೆಯನ್ನು ಬಳಕೆದಾರರೇ ಮಾಡಬಹುದಾದರೂ, ಅನಿಲದ ಕವಾಟ ಮತ್ತು ಬರ್ನರಿನ ದುರಸ್ತಿಯನ್ನು ತರಬೇತಿ ಪಡೆದ ತಂತ್ರಜ್ಞರೇ ನಿರ್ವಹಿಸಬೇಕು.